ಗೊರೂರು ರಸ್ತೆಯ ಬಾಡಿಗೆ ಕೋಣೆಗಳೂ ಜನಗಣತಿಯೂ

ಮಾನ್ಯರೆ,

ಹಾಸನ ಎಷ್ಟು ದೊಡ್ಡ ಊರು ಎಂದು ಯಾವ ಕಚೇರಿಯಲ್ಲಿ ಕೇಳಿದರೂ ಸಿಗುವುದು 2011ರ ಉತ್ತರವೇ: ಆಗಿನ ನಗರಸಭೆ ಲೆಕ್ಕದಲ್ಲಿ ಸುಮಾರು 1.33 ಲಕ್ಷ, ಸುತ್ತ ಬೆಳೆದುಕೊಂಡ ಭಾಗವನ್ನೂ ಸೇರಿಸಿದರೆ 1.55 ಲಕ್ಷ. ನಡುವೆ ಉಳಿಯುವ ಸುಮಾರು 22 ಸಾವಿರ ಜನ ಪೇಟೆಯಲ್ಲೇ ದುಡಿದು, ಪೇಟೆಯಲ್ಲೇ ಕೊಂಡು ತಿಂದು, ಕಾಗದದಲ್ಲಿ ಮಾತ್ರ ಹೊರಗುಳಿದವರು. ಅಂಚಿನ ಈ ಜನ ಆಮೇಲೆ ಎಷ್ಟಾದರು ಎಂಬುದಕ್ಕೆ ಲೆಕ್ಕವಿಲ್ಲ, ಏಕೆಂದರೆ 2021ರ ಜನಗಣತಿ ನಡೆಯಲೇ ಇಲ್ಲ. ಈಗಿನ ಗಣತಿಯ ಮನೆಪಟ್ಟಿ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವಧಿ ಗೊತ್ತುಮಾಡಲಾಗಿದೆ. ತಲೆ ಎಣಿಕೆ 2027ರ ಫೆಬ್ರುವರಿಯಲ್ಲಿ. ಕೈಗಾರಿಕಾ ಪ್ರದೇಶದ ಸುತ್ತಲಿನವರು ಈ ಸಲವೂ ಎಣಿಕೆಯಿಂದ ಜಾರುವ ಸಾಧ್ಯತೆ ಯಾಕಿದೆ, ತಡೆಯಲು ಜಿಲ್ಲಾಡಳಿತ ಏನು ಮಾಡಬಹುದು ಎಂಬುದನ್ನು ಹೇಳಲು ಈ ಪತ್ರ.

ಮೊದಲು ಹಿನ್ನೆಲೆ. 1918ರಲ್ಲಿ ಮೈಸೂರು–ಅರಸೀಕೆರೆ ರೈಲು ಬಂದಮೇಲೂ ಹಾಸನ ಬಹುಕಾಲ ಕಚೇರಿ, ಸಂತೆ, ಕಾಫಿ ಮತ್ತು ಆಲೂಗಡ್ಡೆ ವ್ಯಾಪಾರದ ಊರಾಗಿಯೇ ಇತ್ತು. 1979ರಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುವ ರೈಲುಮಾರ್ಗ ಮುಗಿಯಿತು. ಗೊರೂರಿನಲ್ಲಿ ಹೇಮಾವತಿ ಜಲಾಶಯವೂ ಅದೇ ವರ್ಷದ್ದು. 1982ರಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ ಬಂತು. ಆಮೇಲೆ ಮಂಗಳೂರು–ಹಾಸನ–ಬೆಂಗಳೂರು ತೈಲ ಕೊಳವೆ ಮಾರ್ಗ. ಭಾಷಣಗಳಲ್ಲಿ ಹಾಸನದ ಹೆಮ್ಮೆಯೆಂದು ಬರುವುದು ಈ ಹೆಸರುಗಳೇ. ಆದರೆ ಉಪಗ್ರಹ ಕೇಂದ್ರಕ್ಕಾಗಲಿ ಕೊಳವೆ ಮಾರ್ಗಕ್ಕಾಗಲಿ ಬೇಕಾಗುವುದು ಕೆಲವೇ ಮಂದಿ ತರಬೇತಾದ ನೌಕರರು. ಜನಸಂಖ್ಯೆಯನ್ನು ಅಲುಗಾಡಿಸಿದ್ದು ಹೊಲಿಗೆ ಯಂತ್ರ.

ಕೇಂದ್ರ ಸರ್ಕಾರ 1988ರಲ್ಲಿ ‘ಬೆಳವಣಿಗೆ ಕೇಂದ್ರ’ ಯೋಜನೆ ಘೋಷಿಸಿದಾಗ ಕರ್ನಾಟಕದಲ್ಲಿ ಧಾರವಾಡ, ರಾಯಚೂರಿನ ಜೊತೆ ಹಾಸನವೂ ಆಯ್ಕೆಯಾಯಿತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಜಮೀನು ಪಡೆದು ನಿವೇಶನ ಮಾಡಿತು. ಅಷ್ಟರಿಂದಲೇ ಜನ ಬಂದುಬಿಡಲಿಲ್ಲ. ಗೊರೂರು ರಸ್ತೆಯ ಹನುಮಂತಪುರದ ಕಡೆ ಜವಳಿ ವಿಶೇಷ ಆರ್ಥಿಕ ವಲಯ ಎದ್ದು, ಹಾಸಿಗೆ ಬಟ್ಟೆ ಮತ್ತು ಸಿದ್ಧ ಉಡುಪಿನ ಘಟಕಗಳು ಸಾಲುಗಟ್ಟಲೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಲೆಕ್ಕ ಬದಲಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಆಲೂಗಡ್ಡೆಗೆ ಅಂಗಮಾರಿ ಮೇಲಿಂದ ಮೇಲೆ ಬಿತ್ತು. ಪಂಜಾಬಿನಿಂದ ಬರುವ ಬಿತ್ತನೆ ಗಡ್ಡೆಗೆ ಸಾಲ ಮಾಡಿ ಹಾಕಿದವರಿಗೆ ಬೀಜದ ಹಣವೂ ಹುಟ್ಟದ ವರ್ಷಗಳು ಬಂದವು. ಮನೆಗೆ ತಿಂಗಳ ಸಂಬಳ ತರುವವಳು ಮಗಳೋ ಸೊಸೆಯೋ ಆದಳು. ಗಂಡಸರು ಉಳಿದ ಹೊಲದಲ್ಲಿ ರಾಗಿ, ಜೋಳ, ಶುಂಠಿ ಮಾಡಿಕೊಂಡು ಹಸು ಕಟ್ಟಿದರು. ಇದನ್ನು ಗಮನದಲ್ಲಿಡಿ. ಗಣತಿಯ ದೊಡ್ಡ ತಪ್ಪು ಹುಟ್ಟುವುದು ಇಲ್ಲಿಯೇ.

2001ರಿಂದ 2011ರ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿದರೆ ಹಾಸನ ಜಿಲ್ಲೆಯದು ಏರಿದ್ದು ಶೇ 3ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ: 17.21 ಲಕ್ಷದಿಂದ 17.76 ಲಕ್ಷಕ್ಕೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಂತೂ 11.40 ಲಕ್ಷದಿಂದ 11.37 ಲಕ್ಷಕ್ಕೆ ಇಳಿಯಿತು. ನಮ್ಮ ಜಿಲ್ಲೆಯ ನಗರವಾಸಿಗಳ ಪಾಲು ಶೇ 17.7ರಿಂದ ಶೇ 21.2ಕ್ಕೆ ಹೋಯಿತು, ಹಳ್ಳಿಗಳ ಒಟ್ಟು ಜನಸಂಖ್ಯೆ ಕುಗ್ಗಿತು. ಸಾವಿರ ಗಂಡಸರಿಗೆ 1,010 ಹೆಂಗಸರು ಎಂಬ ಅನುಪಾತವನ್ನು ನಾವು ಸಂತೋಷದಿಂದ ಹೇಳಿಕೊಳ್ಳುತ್ತೇವೆ. ಬೆಂಗಳೂರಿಗೆ ದುಡಿಯಲು ಹೋದ ಗಂಡಸರ ಖಾಲಿ ಜಾಗವೂ ಅದರಲ್ಲಿ ಸೇರಿದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ.

ಇನ್ನು ಗಣತಿಯ ನಿಯಮ. ಒಂದು ಹಳ್ಳಿಯನ್ನು ‘ಗಣತಿ ಪಟ್ಟಣ’ ಎಂದು ಗುರುತಿಸಬೇಕಾದರೆ ಮೂರು ಷರತ್ತು: ಜನಸಂಖ್ಯೆ ಕನಿಷ್ಠ 5,000, ಚದರ ಕಿ.ಮೀ.ಗೆ ಕನಿಷ್ಠ 400 ಜನ. ಮುಖ್ಯ ಕೆಲಸಗಾರರಾದ ಗಂಡಸರಲ್ಲಿ ಕನಿಷ್ಠ ಶೇ 75 ಮಂದಿ ಕೃಷಿಯೇತರ ಕೆಲಸದಲ್ಲಿರಬೇಕು. ಮುಖ್ಯ ಕೆಲಸಗಾರ ಎಂದರೆ ವರ್ಷಕ್ಕೆ ಆರು ತಿಂಗಳೋ ಹೆಚ್ಚೋ ದುಡಿಯುವವನು. ಮೂರನೆಯ ಷರತ್ತಿನಲ್ಲಿ ಹೆಂಗಸರ ಕೆಲಸಕ್ಕೆ ಜಾಗವೇ ಇಲ್ಲ.

ಕೈಗಾರಿಕಾ ಪ್ರದೇಶಕ್ಕೆ ತಾಗಿದ ಒಂದು ಊರನ್ನು ಊಹಿಸಿ ಲೆಕ್ಕ ಹಾಕೋಣ. ಜನ 6,000, ವಿಸ್ತೀರ್ಣ 10 ಚ.ಕಿ.ಮೀ., ಸಾಂದ್ರತೆ 600. ಎರಡು ಷರತ್ತು ದಾಟಿತು. ಮುಖ್ಯ ಕೆಲಸಗಾರ ಗಂಡಸರು 1,800 ಎಂದಿಟ್ಟುಕೊಂಡರೆ 1,350 ಮಂದಿ ಬೇಸಾಯದ ಹೊರಗಿರಬೇಕು. 500 ಜನ ಇನ್ನೂ ಹೊಲ ನೋಡಿಕೊಳ್ಳುತ್ತಿದ್ದಾರೆ, ಉಳಿದದ್ದು 1,300, ಅಂದರೆ ಶೇ 72. ಊರು ಹಳ್ಳಿಯಾಗಿಯೇ ಉಳಿಯಿತು. ಅದೇ ಊರಿನಿಂದ ದಿನಾ ಬೆಳಿಗ್ಗೆ 800 ಹೆಂಗಸರು ಕಾರ್ಖಾನೆ ಬಸ್ಸು ಹತ್ತಿದರೂ ಈ ಲೆಕ್ಕಕ್ಕೆ ಒಂದು ಅಂಕಿಯೂ ಸೇರುವುದಿಲ್ಲ. ಹೆಣ್ಣಿನ ಸಂಬಳದಿಂದಲೇ ಗಂಡಿನ ಬೇಸಾಯ ನಿಂತಿರುವ ಊರುಗಳು ಈ ಜರಡಿಯಲ್ಲಿ ಎಂದೂ ಪಟ್ಟಣವಾಗಿ ಕಾಣುವುದಿಲ್ಲ. (ತಮಾಷೆಯೆಂದರೆ ಇದೇ ಗಣತಿಯ ಭಾಷೆಯಲ್ಲಿ ಕಾಫಿ, ಅಡಿಕೆ ಬೆಳೆಯುವವನು ‘ಸಾಗುವಳಿದಾರ’ ಅಲ್ಲ, ‘ಇತರೆ ಕೆಲಸಗಾರ’. ಸಕಲೇಶಪುರದ ತೋಟದ ನಡುವಿನ ಊರು ಕೃಷಿಯೇತರವಾಗಿ, ಹಾಸನದ ಕಾರ್ಖಾನೆ ಪಕ್ಕದ ಊರು ಕೃಷಿಯದಾಗಿ ಕಾಣುವುದು ಹೀಗೆ.) ಸಾಲದೆಂಬಂತೆ ಗಣತಿ ಪಟ್ಟಣಗಳ ಆಯ್ಕೆ ಎಣಿಕೆಗೆ ಮೊದಲೇ, ಹಳೆಯ ಅಂಕಿಗಳ ಮೇಲೆ ನಡೆಯುತ್ತದೆ, 2011ರಲ್ಲಿ ಆಧಾರ 2001ರ ಅಂಕಿಯಾಗಿತ್ತು.

ಹಳ್ಳಿ ಎಂದೇ ಉಳಿದರೆ ಏನಾಯಿತು ಎನ್ನುವವರಿದ್ದಾರೆ. ನೀರಿನಿಂದಲೇ ನೋಡಬಹುದು. ಜಲಜೀವನ್ ಯೋಜನೆಯಲ್ಲಿ ಹಳ್ಳಿಯವರಿಗೆ ತಲೆಗೆ ದಿನಕ್ಕೆ 55 ಲೀಟರ್. ಒಳಚರಂಡಿ ಇರುವ ನಗರದ ಮಾನದಂಡ 135 ಲೀಟರ್. 6,000 ಜನರ ಊರಿಗೆ ಇದು 3.3 ಲಕ್ಷ ಲೀಟರ್ ಮತ್ತು 8.1 ಲಕ್ಷ ಲೀಟರ್‌ಗಳ ನಡುವಿನ ವ್ಯತ್ಯಾಸ. ಅದೂ ಪಟ್ಟಿಯಲ್ಲಿ ಹೆಸರಿರುವ ತಲೆಗಳಿಗೆ ಮಾತ್ರ. ಈ 6,000ದ ಮೇಲೆ ಬಾಡಿಗೆಗಿರುವ ಇನ್ನೂ 2,000 ಜನ ಪಟ್ಟಿಯಲ್ಲೇ ಇಲ್ಲದಿದ್ದರೆ 55 ಎಂಬುದು ನಲ್ಲಿಯಲ್ಲಿ 41 ಆಗುತ್ತದೆ. ಕೊರತೆ ತುಂಬುವುದು ಬೋರ್‌ವೆಲ್. ಹಳ್ಳಿಗೆ ಒಳಚರಂಡಿ ಇಲ್ಲ, ಆದ್ದರಿಂದ ಶೌಚಕ್ಕೆ ಗುಂಡಿ. ಐದಾರು ಜನರ ಸಂಸಾರಕ್ಕೆಂದು ತೋಡಿದ ಗುಂಡಿಗೆ ಶೀಟಿನ ನಾಲ್ಕು ಕೋಣೆಗಳ 20 ಬಾಡಿಗೆದಾರರು ಸೇರಿದರೆ ಮೂರು ವರ್ಷಕ್ಕೆ ತುಂಬಬೇಕಾದದ್ದು ವರ್ಷದೊಳಗೆ ತುಂಬುತ್ತದೆ. 30×40 ನಿವೇಶನದಲ್ಲಿ ಗುಂಡಿಗೂ ಬೋರ್‌ವೆಲ್ಲಿಗೂ ಅಂತರ ಇಡುವಷ್ಟು ಜಾಗವೂ ಇರುವುದಿಲ್ಲ. ಕೊಳಚೆ ರಸ್ತೆಗೆ ಬಂದಾಗ ಪಂಚಾಯಿತಿ ‘ಇದು ಅನಧಿಕೃತ ಬಡಾವಣೆ’ ಎನ್ನುತ್ತದೆ, ನಗರಾಡಳಿತ ‘ನಮ್ಮ ಮಿತಿಗೆ ಬರುವುದಿಲ್ಲ’ ಎನ್ನುತ್ತದೆ.

ಈ ದಾರಿಯಲ್ಲಿ ಬೆಂಗಳೂರು ಮೊದಲೇ ನಡೆದಿದೆ. ಪೀಣ್ಯದ ಕೈಗಾರಿಕೆಯಿಂದ ಬೆಳೆದ ದಾಸರಹಳ್ಳಿ, ಗಾರ್ಮೆಂಟ್ಸ್‌ನಿಂದ ಬೆಳೆದ ಬೊಮ್ಮನಹಳ್ಳಿ ಸೇರಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು 2007ರಲ್ಲಿ ಪಾಲಿಕೆಯೊಳಕ್ಕೆ ತಂದರು. ಆ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತದ ನೀರು ಹರಿದದ್ದು 2024ರ ಅಕ್ಟೋಬರ್‌ನಲ್ಲಿ. ಜನ ಬಂದಾದ ಮೇಲೆ, ಮನೆ ಕಟ್ಟಿಯಾದ ಮೇಲೆ, ರಸ್ತೆ ಅಗೆದು ಕೊಳವೆ ಹಾಕಲು 17 ವರ್ಷ. ಹಾಸನಕ್ಕೆ ಅಷ್ಟು ಕಾಯುವ ಅಗತ್ಯವಿಲ್ಲ, ಏಕೆಂದರೆ ಹೇಮಾವತಿ ಇರುವುದು ಗೊರೂರಿನಲ್ಲೇ. ಕೈಗಾರಿಕಾ ಪ್ರದೇಶವೂ ಅದೇ ರಸ್ತೆಯಲ್ಲಿದೆ.

ಪಟ್ಟಣದ ಪಟ್ಟ ಬೇಡ ಎನ್ನುವ ಹಳ್ಳಿಗಳ ಮಾತನ್ನೂ ತಳ್ಳಿಹಾಕುವಂತಿಲ್ಲ. ನಗರ ವ್ಯಾಪ್ತಿಗೆ ಸೇರಿದರೆ ಆಸ್ತಿ ತೆರಿಗೆ ಏರುತ್ತದೆ, ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ನಿಲ್ಲುತ್ತದೆ, ಹಳ್ಳಿಗೆ ಮೀಸಲಾದ ವಸತಿ ಯೋಜನೆಗಳು ತಪ್ಪುತ್ತವೆ. ಹಾಗಾಗಿ ಎಲ್ಲವನ್ನೂ ಒಮ್ಮೆಗೇ ಸೇರಿಸಿ ಎಂಬುದು ನಮ್ಮ ಒತ್ತಾಯವಲ್ಲ. ಯಾವ ಊರಲ್ಲಿ ಎಷ್ಟು ಜನ, ಏನು ಕೆಲಸ ಎಂಬ ನಿಜವಾದ ಲೆಕ್ಕ ಸಿಗಲಿ, ತೀರ್ಮಾನ ಆಮೇಲೆ.

ರಾಜ್ಯದ ಕಾನೂನಿನ ಜರಡಿ ಗಣತಿಯದಕ್ಕಿಂತ ವಾಸಿ. 1964ರ ಪುರಸಭೆಗಳ ಅಧಿನಿಯಮ ಕೇಳುವುದು ಒಟ್ಟು ಉದ್ಯೋಗದಲ್ಲಿ ಕನಿಷ್ಠ ಶೇ 50 ಕೃಷಿಯೇತರವಾಗಿರಬೇಕು ಎಂದಷ್ಟೆ; ಹೆಣ್ಣು ಗಂಡು ಎಂಬ ಭೇದವಿಲ್ಲ. ಮೇಲಿನ ಊರಿಗೇ ಇದನ್ನು ಅನ್ವಯಿಸಿ: 1,300 ಗಂಡಸರು, 800 ಹೆಂಗಸರು ಕೃಷಿಯ ಹೊರಗೆ, ಶೇ 50 ಸುಲಭವಾಗಿ ದಾಟುತ್ತದೆ. ಪಟ್ಟಣ ಪಂಚಾಯಿತಿಗೆ 10,000 ಜನ ಬೇಕಾದ್ದರಿಂದ ಅಕ್ಕಪಕ್ಕದ ಎರಡು ಮೂರು ಊರು ಕೂಡಬೇಕಾಗುತ್ತದೆ, ಅಷ್ಟೇ. ಪಾಲಿಕೆಯ ಮಾತು ಬಂದಾಗೆಲ್ಲ ಮೂರು ಲಕ್ಷ ಜನ, ಚ.ಕಿ.ಮೀ.ಗೆ 3,000 ಎಂಬ ಅಂಕಿಗಳನ್ನು ಹಿಡಿದು ಜಗ್ಗಾಡುತ್ತೇವೆ. ಉದ್ಯೋಗದ ಈ ಅಂಶವನ್ನು ಓದುವವರೇ ಇಲ್ಲ.

ಎಣಿಕೆಯ ಕೆಲಸ ಎಲ್ಲಿ ಕೆಡುತ್ತದೆ? ಗಣತಿದಾರರು ಬಹುಪಾಲು ಶಿಕ್ಷಕರು, ಬರುವುದು ಹಗಲಿನಲ್ಲಿ. ಗಾರ್ಮೆಂಟ್ಸ್‌ನವರು ಬೆಳಗಾಗುತ್ತಲೇ ಹೊರಟು ಸಂಜೆ ಬರುವವರು. ನೂಲು, ನೇಯ್ಗೆಯವರು ಪಾಳಿಯವರು, ರಾತ್ರಿ ಪಾಳಿ ಮುಗಿಸಿ ಬಂದವರು ಮಧ್ಯಾಹ್ನ ಬಾಗಿಲು ತೆಗೆಯುವುದಿಲ್ಲ. ‘ಬೀಗ ಹಾಕಿದೆ’ ಎಂದು ಬರೆದುಕೊಂಡು ಹೋದರೆ ಅಲ್ಲಿರುವವರ ವಿವರ ಸೇರುವುದೇ ಇಲ್ಲ. ಮನೆ ಮಾಲೀಕರನ್ನು ಕೇಳಿದರೆ ತೆರಿಗೆ, ವಿದ್ಯುತ್ ಶುಲ್ಕ ಏರೀತೆಂಬ ಭಯಕ್ಕೆ ‘ನಾವೇ ಇರೋದು’ ಎನ್ನುತ್ತಾರೆ. ಭಯಕ್ಕೆ ಕಾರಣವಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನಂತೆ ಗಣತಿಯ ದಾಖಲೆಯನ್ನು ಬೇರೆಯವರು ನೋಡುವಂತಿಲ್ಲ, ಸಾಕ್ಷ್ಯವಾಗಿ ಬಳಸುವಂತೆಯೂ ಇಲ್ಲ. ಈ ಒಂದು ಸಾಲನ್ನು ಪ್ರತಿ ಪಂಚಾಯಿತಿಯ ಫಲಕದಲ್ಲಿ ಬರೆಸಿದರೆ ಅರ್ಧ ಕೆಲಸ ಸಲೀಸು.

ಕುಟುಂಬವನ್ನು ಗುರುತಿಸುವಲ್ಲೂ ಗೊಂದಲವಾಗುತ್ತದೆ. ಗಣತಿಗೆ ಕುಟುಂಬವೆಂದರೆ ರಕ್ತಸಂಬಂಧವಲ್ಲ, ಒಂದೇ ಅಡುಗೆ. ಒಂದು ಕೋಣೆಯಲ್ಲಿ ಬೇರೆ ಬೇರೆ ಊರಿನ ಐದು ಹುಡುಗಿಯರು ಒಟ್ಟಿಗೆ ಬೇಯಿಸಿಕೊಂಡರೆ ಅದು ಒಂದು ಕುಟುಂಬ. ಹಾಸ್ಟೆಲ್, ಪಿ.ಜಿ.ಯಲ್ಲಿ ಸಂಸ್ಥೆಯ ಅಡುಗೆ ಉಂಡರೆ ಅದು ‘ಸಾಂಸ್ಥಿಕ ಕುಟುಂಬ’. ಇವು ಮನೆಪಟ್ಟಿಯಲ್ಲೇ ಬಿಟ್ಟುಹೋದರೆ ಫೆಬ್ರುವರಿಯಲ್ಲಿ ಅಲ್ಲಿಗೆ ಯಾರೂ ಹೋಗುವುದಿಲ್ಲ, ಏಕೆಂದರೆ ಎರಡನೇ ಹಂತದ ಬ್ಲಾಕುಗಳು (ಒಬ್ಬೊಬ್ಬ ಗಣತಿದಾರರಿಗೆ ಹಂಚುವ ತುಂಡು ಪ್ರದೇಶಗಳು) ಕಟ್ಟಿಕೊಳ್ಳುವುದು ಮೊದಲ ಹಂತದ ಪಟ್ಟಿಯ ಮೇಲೆ.

ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದವರನ್ನು ‘ಅವರ ಊರಲ್ಲಿ ಎಣಿಸುತ್ತಾರೆ’ ಎಂದು ಬಿಡುವುದು ತಪ್ಪು. 2011ರಲ್ಲಿ ಇದ್ದ ನಿಯಮ ಸ್ಪಷ್ಟ: ಎಣಿಕೆಯ ಅವಧಿಯುದ್ದಕ್ಕೂ ತನ್ನ ಊರಿನಿಂದ ಹೊರಗಿದ್ದವನನ್ನು ಸಿಕ್ಕಿದ ಜಾಗದಲ್ಲೇ ಎಣಿಸಬೇಕು. ಹೊರರಾಜ್ಯದವರ ಮಾತೇ ಹೆಚ್ಚಾಗಿ, ಆಲೂರು, ಅರಕಲಗೂಡು, ಬೇಲೂರಿನಿಂದ ಬಂದು ಕೋಣೆ ಹಿಡಿದವರು ಮರೆಗೆ ಸರಿಯುತ್ತಾರೆ. ಅವರ ಹೆಸರನ್ನು ಊರಲ್ಲಿರುವ ಅಪ್ಪ ಅಮ್ಮ ಬರೆಸಿರುತ್ತಾರೆ, ಇಲ್ಲಿ ಖಾಲಿ. ವಲಸೆಗೆ ಕಾರಣ ಕೇಳುವ ಕಾಲಮ್ಮಿನಲ್ಲೂ ಹೆಂಗಸರ ಕೆಲಸ ಮುಚ್ಚಿಹೋಗುತ್ತದೆ: ಮದುವೆಯಾಗಿ ಬಂದು ಹತ್ತು ವರ್ಷದಿಂದ ಹೊಲಿಗೆ ಲೈನಿನಲ್ಲಿ ದುಡಿಯುತ್ತಿದ್ದರೂ ಕಾರಣ ‘ಮದುವೆ’ಯೇ. ಅದನ್ನು ತಿದ್ದಲಾಗದು. ಆದರೆ ಉದ್ಯೋಗದ ಪ್ರಶ್ನೆಗೆ ಗಂಡನೋ ಮಾವನೋ ‘ಮನೆಗೆಲಸ’ ಎಂದು ಉತ್ತರಿಸಿ ಮುಗಿಸದಂತೆ ಗಣತಿದಾರರಿಗೆ ತರಬೇತಿಯಲ್ಲೇ ಒತ್ತಿ ಹೇಳಬಹುದು.

ಚಿಕ್ಕಮಗಳೂರು, ಸಕಲೇಶಪುರದ ಕಡೆ ಸಮಸ್ಯೆ ತಿರುಗುಮುರುಗು. ಫೆಬ್ರುವರಿಯಲ್ಲಿ ರೊಬಸ್ಟಾ ಕೊಯ್ಲು ಇನ್ನೂ ನಡೆಯುತ್ತಿರುತ್ತದೆ, ತೋಟದ ಕೂಲಿಗಾರರ ಲೈನ್ ಮನೆಗಳು ತುಂಬಿರುತ್ತವೆ. ಕೊಯ್ಲು ಮುಗಿದ ಮೇಲೆ ಅವೇ ಮನೆಗಳು ಖಾಲಿ. ಖಾಲಿ ಇದ್ದಾಗ ಮಾಡಿದ ಮನೆಪಟ್ಟಿಯನ್ನು ನಂಬಿ ಹೋದವರಿಗೆ ಫೆಬ್ರುವರಿಯಲ್ಲಿ ಅಲ್ಲಿ ಬೇರೆಯದೇ ಜನ ಸಿಗುತ್ತಾರೆ. ತೋಟಗಳಿಗೆ ಹೆಚ್ಚುವರಿ ಗಣತಿದಾರರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಹಾಸನದಲ್ಲಿ ಗ್ರಾಮಾಂತರಕ್ಕೆ ತಹಶೀಲ್ದಾರರು, ನಗರಕ್ಕೆ ಪೌರಾಡಳಿತದ ಅಧಿಕಾರಿ ಗಣತಿಯ ಉಸ್ತುವಾರಿ ಹೊರುವವರು. ಗಡಿರೇಖೆಗಳು 2025ರ ಡಿಸೆಂಬರ್ 31ಕ್ಕೇ ಸ್ಥಿರವಾಗಿರುವುದರಿಂದ ಬ್ಲಾಕ್ ನಕ್ಷೆಯನ್ನು ಇಬ್ಬರೂ ಒಂದೇ ಮೇಜಿನ ಮೇಲಿಟ್ಟು, ಕೈಗಾರಿಕಾ ಪ್ರದೇಶದ ಸುತ್ತ ಯಾವ ಬಡಾವಣೆ ಯಾರ ಪಾಲಿಗೂ ಬಂದಿಲ್ಲ ಎಂದು ನೋಡಲು ಒಂದು ದಿನ ಸಾಕು. ಕಾರ್ಮಿಕರ ಬಸ್ಸು ಯಾವ ಯಾವ ಊರಲ್ಲಿ ಎಷ್ಟು ಜನರನ್ನು ಹತ್ತಿಸಿಕೊಳ್ಳುತ್ತದೆ ಎಂಬ ಪಟ್ಟಿ ಪ್ರತಿ ಘಟಕದಲ್ಲೂ ಇರುತ್ತದೆ. ಕಾರ್ಮಿಕ ಇಲಾಖೆಯ ಮೂಲಕ ಅದನ್ನು ತರಿಸಿಕೊಂಡು, ಹೆಚ್ಚು ಜನ ಹತ್ತುವ ನಿಲ್ದಾಣದ ಸುತ್ತಲಿನ ಬ್ಲಾಕುಗಳಿಗೆ ವಾರದ ರಜೆಯ ದಿನವೇ ಗಣತಿದಾರರನ್ನು ಕಳುಹಿಸಲಿ. ವಾರದ ರಜೆ ಎಲ್ಲ ಘಟಕಕ್ಕೂ ಭಾನುವಾರವೇ ಎಂದು ತಿಳಿಯಬಾರದು. ಪಾಳಿ ನಡೆಸುವ ಕಡೆ ಅದು ತಂಡದಿಂದ ತಂಡಕ್ಕೆ ಬದಲಾಗುತ್ತದೆ, ಮೊದಲೇ ಕೇಳಿ ಬರೆದುಕೊಳ್ಳಬೇಕು.

ಇಂತಿ,
ಓದುಗ, ಹಾಸನ