ಐಸಿಯುನಲ್ಲಿ ಅಮ್ಮನಿಗೆ ಸಿಗದ ಆರೈಕೆ

ಇವರಿಗೆ,
ವೈದ್ಯಕೀಯ ಅಧೀಕ್ಷಕರು ಮತ್ತು ನರ್ಸಿಂಗ್ ವಿಭಾಗದ ಮುಖ್ಯಸ್ಥರು

ವಿಷಯ: ಐಸಿಯುನಲ್ಲಿ ಮಗ್ಗುಲು ಬದಲಿಸದೆ, ಬಾಯಿ ಸ್ವಚ್ಛ ಮಾಡದೆ ಬಿಟ್ಟಿದ್ದರ ಬಗ್ಗೆ ದೂರು

ಮಾನ್ಯರೇ,

ನ್ಯುಮೋನಿಯಾ ಜಾಸ್ತಿಯಾಗಿ ನಮ್ಮ ಅಮ್ಮ ನಿಮ್ಮ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಈಗ ಮನೆಗೆ ಬಂದಿದ್ದಾರೆ. ಉಸಿರಾಟ ಸರಿಹೋಗಿದೆ, ಅದಕ್ಕೆ ನಿಮ್ಮ ಡಾಕ್ಟರುಗಳಿಗೆ ನಾವು ಋಣಿಗಳು. ಆದರೆ ಸೊಂಟದ ಕೆಳಗೆ, ಬಾಲಮೂಳೆಯ ಹತ್ತಿರ, ಅಂಗೈ ಅಗಲದ ಹುಣ್ಣಾಗಿದೆ. ದಾಖಲಾದಾಗ ಅಲ್ಲಿ ಚರ್ಮ ಚೆನ್ನಾಗಿತ್ತು ಅಂತ ನಿಮ್ಮ ಕೇಸ್ ಶೀಟೇ ಹೇಳುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರ ಆ ಹುಣ್ಣಿನ ಸುದ್ದಿಯೇ ಇಲ್ಲ.

ಒಂದು ಸಂಜೆ ನಾಲ್ಕೂವರೆಗೆ ಅಮ್ಮನನ್ನು ನೋಡಲು ಒಳಗೆ ಬಿಟ್ಟರು. ಮಂಚಕ್ಕೆ ತೂಗುಹಾಕಿದ್ದ ಚಾರ್ಟ್ ನೋಡಿದೆ. 4 ಗಂಟೆಗೆ ಎಡ ಮಗ್ಗುಲು, 6 ಗಂಟೆಗೆ ಅಂಗಾತ, 8 ಗಂಟೆಗೆ ಬಲ ಮಗ್ಗುಲು. ಎಲ್ಲದರ ಮುಂದೆ ಸಹಿ ಆಗಿತ್ತು. ಇನ್ನೂ ಆರೇ ಆಗಿರಲಿಲ್ಲ! ಅಮ್ಮ ಅಂಗಾತ ಮಲಗಿದ್ದರು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಟ್ಯೂಬಿನ ಸುತ್ತ ಜೊಲ್ಲು ಒಣಗಿ ಅಂಟಿಕೊಂಡಿತ್ತು. ಬಾಯಿ ಸ್ವಚ್ಛ ಮಾಡಿಲ್ವಾ ಅಂತ ಕೇಳಿದೆ. "ಟೈಮೇ ಸಿಕ್ಕಿಲ್ಲ ಅಕ್ಕ, ಪಕ್ಕದ ಬೆಡ್‌ನವರಿಗೆ ಬಿಪಿ ಇಳೀತಿದೆ" ಅಂದರು ಸಿಸ್ಟರ್.

ಆ ಸಿಸ್ಟರ್ ಮೇಲೆ ನನ್ನ ದೂರಲ್ಲ. ಅವರೊಬ್ಬರೇ ಮೂರು ಬೆಡ್ ನೋಡುತ್ತಿದ್ದರು, ಅದರಲ್ಲಿ ಇಬ್ಬರು ವೆಂಟಿಲೇಟರ್ ಮೇಲೆ. ಬಿಪಿ ಇಳಿದರೆ ಅಲಾರಂ ಹೊಡೆಯುತ್ತದೆ, ಓಡಲೇಬೇಕು. ಮಗ್ಗುಲು ಬದಲಿಸದಿದ್ದರೆ ಯಾವ ಅಲಾರಂ ಹೊಡೆಯುತ್ತದೆ ಹೇಳಿ? ಕೈ ಸಾಲದಾಗ ಮೊದಲು ಬಿಟ್ಟುಹೋಗುವುದು ಇಂಥ ಕೆಲಸಗಳೇ. ಇದು ಹೊಸ ವಿಷಯವೂ ಅಲ್ಲ. ಆಸ್ಪತ್ರೆಗಳಲ್ಲಿ ಏನೇನು ಆರೈಕೆ ತಪ್ಪಿಹೋಗುತ್ತದೆ ಅಂತ ಅಮೆರಿಕದ ನರ್ಸಿಂಗ್ ಸಂಶೋಧಕಿ ಬಿಯಾಟ್ರಿಸ್ ಕಾಲಿಶ್ 2006ರಲ್ಲೇ ಬರೆದಿದ್ದಾರೆ. ಮಗ್ಗುಲು ಬದಲಿಸುವುದು, ರೋಗಿಯ ಶುಚಿತ್ವ ಎರಡೂ ಅದರಲ್ಲಿವೆ. ಸಿಬ್ಬಂದಿ ಕೊರತೆ ಕಾರಣಗಳಲ್ಲಿ ಒಂದು. ಕ್ಯಾಲಿಫೋರ್ನಿಯಾದಲ್ಲಂತೂ ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಜಾಸ್ತಿ ರೋಗಿಗಳನ್ನು ಕೊಡುವಂತಿಲ್ಲ ಅಂತ ನಿಯಮವೇ ಇದೆ.

ಇವು ಸಣ್ಣ ಕೆಲಸಗಳಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಒತ್ತಿಹೋದ ಚರ್ಮಕ್ಕೆ ರಕ್ತ ಹರಿಯುವುದಿಲ್ಲ, ಅದು ಕೆಲವೇ ಗಂಟೆಗಳಲ್ಲಿ ಕೆಡಲು ಶುರುವಾಗುತ್ತದೆ. ಬಾಯಲ್ಲಿ ಬೆಳೆದ ಸೋಂಕು ಟ್ಯೂಬಿನ ಪಕ್ಕದಿಂದ ಶ್ವಾಸಕೋಶಕ್ಕೆ ಇಳಿಯಬಹುದು. ನ್ಯುಮೋನಿಯಾದಿಂದಲೇ ಬಂದವರಿಗೆ ಇನ್ನೊಂದು ನ್ಯುಮೋನಿಯಾ ಬಂದಿದ್ದರೆ?

ಮಾಡದ ಕೆಲಸಕ್ಕೆ ಮುಂಚೆಯೇ ಸಹಿ ಹಾಕಿದ್ದನ್ನು ಮಾತ್ರ ನಾನು ಒಪ್ಪಲಾರೆ. ಆಗಲಿಲ್ಲ ಅಂತ ಬರೆದಿದ್ದರೆ ಮುಂದಿನ ಶಿಫ್ಟ್‌ನವರಾದರೂ ಬಂದ ಕೂಡಲೇ ಅಮ್ಮನನ್ನು ತಿರುಗಿಸುತ್ತಿದ್ದರು, ಅಲ್ವಾ? ರೌಂಡ್ಸ್‌ಗೆ ಬಂದ ಡಾಕ್ಟರು ನಂಬಿದ್ದೂ ಅದೇ ಚಾರ್ಟನ್ನು.

ಅಮ್ಮ ಐಸಿಯುನಲ್ಲಿದ್ದಷ್ಟು ದಿನದ ನರ್ಸಿಂಗ್ ಚಾರ್ಟ್‌ಗಳ ಪ್ರತಿ ಕೊಡಿ. ಪ್ರತಿ ಶಿಫ್ಟ್‌ನಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್‌ಗಳಿದ್ದರು ಅಂತ ತಿಳಿಸಿ. ಹುಣ್ಣು ನಿಮ್ಮಲ್ಲೇ ಆದದ್ದು ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಸೇರಿಸಿ, ವಾಸಿಯಾಗುವವರೆಗೆ ಅದರ ಚಿಕಿತ್ಸೆ ನೀವೇ ನೋಡಿಕೊಳ್ಳಿ. ಆ ಸಿಸ್ಟರ್‌ಗೆ ಸುಮ್ನೆ ಒಂದು ಮೆಮೊ ಕೊಟ್ಟು ಫೈಲ್ ಮುಚ್ಚಬೇಡಿ. ಆ ಶಿಫ್ಟ್‌ಗೆ ಅಷ್ಟೇ ಜನರನ್ನು ಹಾಕಿದ್ದು ಯಾರು ಅನ್ನುವುದಕ್ಕೆ ನನಗೆ ಉತ್ತರ ಬೇಕು. ಹದಿನೈದು ದಿನದೊಳಗೆ ಲಿಖಿತವಾಗಿ ಕೊಡಿ.

ಇತಿ,
ರೋಗಿಯ ಮಗಳು