ತಡವರಿಸಿದ ಸಾಕ್ಷ್ಯವೆಲ್ಲ ಸುಳ್ಳಲ್ಲ

ಮಾನ್ಯ ಸಂಪಾದಕರೇ,

ಮಾಲೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ನನ್ನ ಬಳಿಗೆ ಎರಡು ವರ್ಷಗಳ ಹಿಂದೆ ಒಬ್ಬ ಯುವತಿ ಬಂದಳು. ಮನೆಗೆಲಸ ಕೊಡಿಸುವುದಾಗಿ ನಂಬಿಸಿ ಹೊರರಾಜ್ಯಕ್ಕೆ ಕರೆದೊಯ್ದವರು ಅವಳನ್ನು ತಿಂಗಳುಗಟ್ಟಲೆ ಕೂಡಿಹಾಕಿ ದುಡಿಸಿಕೊಂಡಿದ್ದರು. ಬಾಗಿಲಿಗೆ ಬೆನ್ನು ಹಾಕಿ ಕೂರುವುದು ಅವಳಿಂದ ಇಂದಿಗೂ ಆಗದು. ಹಾಗಾಗಿ ಅವಳ ಮಿಷನ್ನನ್ನು ಬಾಗಿಲು ಕಾಣುವಂತೆ ತಿರುಗಿಸಿ ಇಟ್ಟಿದ್ದೇನೆ. ಹೊರಗೆ ಚಿಲಕದ ಸದ್ದಾದರೆ ತುಳಿಯುತ್ತಿದ್ದ ಕಾಲು ನಿಂತುಬಿಡುತ್ತದೆ, ಸೂಜಿ ಬಟ್ಟೆಯಲ್ಲೇ ಉಳಿಯುತ್ತದೆ, ಹೆಸರು ಹಿಡಿದು ಕರೆದರೂ ಅವಳಿಗೆ ಕೇಳಿಸುವುದಿಲ್ಲ.

ಗಾಳಿ ಸೋಕಿದೆಯೆಂದು ಮನೆಯವರು ತಾಯತ ಕಟ್ಟಿಸಿದ್ದರು. ಇದು ಆಘಾತದ ನಂತರ ಕಾಡುವ ಪಿಟಿಎಸ್‌ಡಿ ಎಂಬ ಕಾಯಿಲೆ ಎಂದು ತಿಳಿದದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರಕ್ಕೆ ಅವಳನ್ನು ಕರೆದೊಯ್ದಾಗ.

ನನಗೆ ಹೆಚ್ಚು ನೋವಾಗಿರುವುದು ಅವಳ ಹೇಳಿಕೆಯ ವಿಚಾರದಲ್ಲಿ. ಮೊದಲ ಸಲ ಹೇಳಿದ ದಿನಾಂಕಕ್ಕೂ ಎರಡನೆಯ ಸಲ ಹೇಳಿದ ದಿನಾಂಕಕ್ಕೂ ತಾಳೆಯಾಗಲಿಲ್ಲವೆಂದು, ಇವಳು ಕತೆ ಕಟ್ಟುತ್ತಿದ್ದಾಳೆಂದು ಅವಳೆದುರಿಗೇ ಅಂದವರಿದ್ದಾರೆ. ಜೀವಭಯದಲ್ಲಿದ್ದ ಮನಸ್ಸಿಗೆ ಆ ಕೋಣೆಯ ವಾಸನೆ, ಬೈಗುಳ, ಬೀಗದ ಸದ್ದು ನಿಚ್ಚಳವಾಗಿ ನೆನಪಿರುತ್ತವೆ, ಆದರೆ ಯಾವುದು ಮೊದಲು ಯಾವುದು ನಂತರ ಎಂಬುದು ಕಲಸಿಹೋಗಿರಬಹುದು; ಈ ಕಾಯಿಲೆಯ ಲಕ್ಷಣವೇ ಆರೋಪಿಯ ಪರ ಸಾಕ್ಷಿಯಾಗಿ ನಿಂತರೆ ಅವಳು ಯಾರ ಬಳಿ ನ್ಯಾಯ ಕೇಳಬೇಕು?

ಇಂಥವರಿಗೆ ದಾರಿಯೇ ಇಲ್ಲವೆಂದಲ್ಲ. ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಕ್ಕೆಂದೇ ಹೇಳಿದೆ. ದುರ್ಬಲ ಸಾಕ್ಷಿಗಳಿಗೆ, ಅಂದರೆ ತುಂಬಿದ ಕೋರ್ಟಿನಲ್ಲಿ ನಿಂತು ಹೇಳಲು ಕಷ್ಟಪಡುವವರಿಗೆ, ಅಂಜದೆ ಸಾಕ್ಷಿ ಹೇಳಲು ಜಿಲ್ಲೆಗೊಂದಾದರೂ ಪ್ರತ್ಯೇಕ ಸಾಕ್ಷ್ಯ ಕೇಂದ್ರವಿರಬೇಕೆಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಮಾನಸಿಕ ಕಾಯಿಲೆ ಇರುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ರಾತ್ರಿ ಹೊತ್ತು ಬೆಚ್ಚಿ ಎದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಇದು ಅವಳಿಗೆ ನಿಜಕ್ಕೂ ಆಸರೆಯಾಗಿದೆ. ಆದರೆ ಈ ಕಾಯಿಲೆಗೆ ಗುಳಿಗೆಯೊಂದೇ ಸಾಲದು, ಒಬ್ಬರೇ ಆಪ್ತಸಮಾಲೋಚಕಿ ವಾರವಾರವೂ ಕೂತು ಮಾತನಾಡಿಸಬೇಕು. ಜನ ಕಿಕ್ಕಿರಿಯುವ ಶಿಬಿರದಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ?

ಕೋಲಾರ ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಅಂಥ ಒಬ್ಬ ಆಪ್ತಸಮಾಲೋಚಕಿಯನ್ನು ನೇಮಿಸಬೇಕು. ಮಾನವ ಕಳ್ಳಸಾಗಣೆಯಿಂದ ಪಾರಾಗಿ ಬಂದವರ ಹೇಳಿಕೆ ಪಡೆಯುವ ಮುನ್ನ ಅವರನ್ನು ಮನೋವೈದ್ಯರಿಗೆ ತೋರಿಸುವ ಪದ್ಧತಿಯನ್ನು ಪೊಲೀಸರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ಸೇರಿ ಜಾರಿಗೆ ತರಬೇಕೆಂದು ಕೋರುತ್ತೇನೆ. ಮುಂದಿನ ತಿಂಗಳು ಅವಳು ಸಾಕ್ಷಿ ಹೇಳಬೇಕಿದೆ. ಅಂದು ಅವಳ ಕುರ್ಚಿಯನ್ನು ಬಾಗಿಲು ಕಾಣುವ ಕಡೆ ಹಾಕಿಸಲಿ.

– ಒಬ್ಬ ಹೊಲಿಗೆ ಶಿಕ್ಷಕಿ, ಮಾಲೂರು