ವಾಲ್ವ್ ಮುಚ್ಚುವ ಅಧಿಕಾರ ಯಾರ ಕೈಲಿದೆ? ಅನಿಲ ನಿಯಂತ್ರಣ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು,
ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ,
ನವದೆಹಲಿ

ಮಾನ್ಯರೇ,

ನಮಸ್ಕಾರ. ಗ್ಯಾಸ್ ಪೈಪ್‌ಲೈನ್ ಸುರಕ್ಷತೆಗೆಂದು ನಿಮ್ಮ ಮಂಡಳಿ ಮಾಡಿರುವ ನಿಯಮಗಳು ಕಡಿಮೆಯೇನಿಲ್ಲ. 2009ರ ತಾಂತ್ರಿಕ ಮಾನದಂಡಗಳಿವೆ. 2010ರ ತುರ್ತು ಸ್ಪಂದನೆಯ ನಿಯಮಗಳಿವೆ. ಪೈಪಿನ ಆರೋಗ್ಯ ನೋಡಿಕೊಳ್ಳುವುದಕ್ಕೆ 2012ರ ನಿಯಮಗಳಿವೆ. ಉಕ್ಕಿನ ದಪ್ಪ, ಹೂಳುವ ಆಳ, ವೆಲ್ಡಿಂಗ್ ಪರೀಕ್ಷೆ, ತುಕ್ಕು ತಡೆಯುವ ವ್ಯವಸ್ಥೆ ಎಲ್ಲವನ್ನೂ ಇವು ನೋಡುತ್ತವೆ. ಜನ ಜಾಸ್ತಿ ಇರುವ ಕಡೆ ವಾಲ್ವ್‌ಗಳು ಹತ್ತಿರ ಹತ್ತಿರ ಇರಬೇಕು ಅನ್ನುವುದೂ ಇದೆ. ಇದಕ್ಕಾಗಿ ದುಡಿದವರ ಬಗ್ಗೆ ನನಗೆ ಗೌರವವಿದೆ.

ಈಗ ನಾನು ಕೇಳಬೇಕೆಂದಿರುವುದು ಪೈಪಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಕಂಟ್ರೋಲ್ ರೂಮಿನ ಸ್ಕ್ರೀನ್ ಮುಂದೆ ರಾತ್ರಿ ಮೂರು ಗಂಟೆಗೆ ಕೂತಿರುವ ಆಪರೇಟರ್ ಬಗ್ಗೆ. ಆತನಿಗೆ ಏನು ಕಾಣುತ್ತಿದೆ, ಏನು ಮಾಡಲು ಬಿಟ್ಟಿದ್ದಾರೆ, ಎಷ್ಟು ಹೊತ್ತಿನಿಂದ ನಿದ್ದೆಯಿಲ್ಲದೆ ಇದ್ದಾನೆ ಅನ್ನುವುದನ್ನು ನಿಮ್ಮ ಕಡೆಯವರು ಯಾರಾದರೂ ಎದುರಿಗೆ ಕೂತು ನೋಡುತ್ತಾರಾ?

ನಾನು ಪೈಪ್‌ಲೈನ್ ಕೆಲಸದವನಲ್ಲ. ಒಂದು ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ವರ್ಷಗಟ್ಟಲೆ ಪಾಳಿ ಮಾಡಿದವನು. ಆದರೆ ಸ್ಕ್ರೀನ್, ಅಲಾರಂ, ಪಾಳಿ ಬದಲಾವಣೆ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ.

ಹೊರಗಿನವರಿಗೆ ಒಂದು ಕಲ್ಪನೆ ಇದೆ. ಪೈಪ್ ಒಡೆದರೆ ಕಂಟ್ರೋಲ್ ರೂಮಿನಲ್ಲಿ ಕೆಂಪು ದೀಪ ಹತ್ತುತ್ತದೆ, ಯಾರೋ ಗುಂಡಿ ಒತ್ತುತ್ತಾರೆ, ಗ್ಯಾಸ್ ನಿಲ್ಲುತ್ತದೆ ಅಂತ. ಅಷ್ಟು ಸುಲಭ ಅಲ್ಲ ಅನ್ನುವುದು ನಿಮಗೂ ಗೊತ್ತು. ಗ್ಯಾಸ್ ಹಿಗ್ಗುವ, ಕುಗ್ಗುವ ವಸ್ತು. ಲೈನಿನೊಳಗೆ ದೊಡ್ಡ ದಾಸ್ತಾನೇ ತುಂಬಿಕೊಂಡಿರುತ್ತದೆ. ಎಲ್ಲೋ ನಡುವೆ ಪೈಪ್ ಸೀಳಿದರೆ ದೂರದ ಸ್ಟೇಷನ್ನಿನ ಪ್ರೆಷರ್ ತಕ್ಷಣ ಬೀಳುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ದೊಡ್ಡ ಗಿರಾಕಿಯೊಬ್ಬ ಇದ್ದಕ್ಕಿದ್ದಂತೆ ಜಾಸ್ತಿ ಗ್ಯಾಸ್ ಎಳೆದರೂ, ಕಂಪ್ರೆಸರ್ ನಿಂತರೂ, ಮೀಟರಿನ ಸಂಪರ್ಕ ಕೆಟ್ಟರೂ ಮೊದಲ ನಿಮಿಷಗಳಲ್ಲಿ ಸ್ಕ್ರೀನ್ ಮೇಲೆ ಕಾಣುವುದು ಸುಮಾರು ಹಾಗೇ. ಸಣ್ಣ ಸೋರಿಕೆಯಾದರೆ ಏನೂ ಕಾಣದೇ ಇರಬಹುದು. ಮೇಲಾಗಿ ಊರೂರು ದಾಟಿ ಹೋಗುವ ದೊಡ್ಡ ಲೈನುಗಳಲ್ಲಿ ಸಾಮಾನ್ಯವಾಗಿ ವಾಸನೆಯ ರಾಸಾಯನಿಕ ಬೆರೆಸಿರುವುದಿಲ್ಲ. ಅದನ್ನು ಬೆರೆಸುವುದು ನಗರದ ಹೊಸ್ತಿಲಲ್ಲಿರುವ ಸ್ಟೇಷನ್ನಿನಲ್ಲಿ. ಲೈನ್ ಹಾದುಹೋಗುವ ಹೊಲದವರ ಮೂಗಿಗೆ ಗೊತ್ತಾಗುತ್ತದೆ ಅಂತ ನಂಬಿ ಕೂರುವಂತಿಲ್ಲ.

ಹಾಗಾಗಿ ಇದು ಅನುಮಾನ ಬಂದ ತಕ್ಷಣ ನಿರ್ಧಾರ ಮಾಡಬೇಕಾದ ಕೆಲಸ. ಅನುಮಾನವನ್ನು ಕೊಲ್ಲುವುದಕ್ಕೆ ಆ ಕೋಣೆಯಲ್ಲೇ ಬೇಕಾದಷ್ಟು ಕಾರಣಗಳಿರುತ್ತವೆ. ಲೈನಿನ ಪ್ರೆಷರ್ ಅಳೆದು ಕಳಿಸುವ ಒಂದು ಟ್ರಾನ್ಸ್‌ಮಿಟರ್ ಕೆಟ್ಟು ನಿಮಿಷಕ್ಕೆರಡು ಸಲ ಅಲಾರಂ ಕೂಗುತ್ತಿದೆ ಅಂದುಕೊಳ್ಳಿ. ಮೊದಲ ದಿನ ಆಪರೇಟರ್ ಎದ್ದು ವಿಚಾರಿಸುತ್ತಾನೆ. ಮೂರನೇ ದಿನ ನೋಡದೇ ‘ಅಕ್ನಾಲೆಜ್’, ಅಂದರೆ ನೋಡಿದ್ದೇನೆ ಅನ್ನುವ ಗುಂಡಿ ಒತ್ತುತ್ತಾನೆ. ಆಮೇಲೆ ಯಾರೋ ಅದನ್ನು ಸಿಸ್ಟಂನಲ್ಲೇ ಆಫ್ ಮಾಡಿಡುತ್ತಾರೆ. ರಿಪೇರಿ ಆದ ಮೇಲೆ ಮತ್ತೆ ಆನ್ ಮಾಡುವುದು ಯಾರ ಕೆಲಸ ಅಂತ ಎಲ್ಲೂ ಬರೆದಿರುವುದಿಲ್ಲ. ಅದರ ಪಕ್ಕದ ಅಲಾರಮ್ಮೇ ನಿಜವಾದದ್ದು ಆಗಿರುವ ರಾತ್ರಿ ಏನಾಗುತ್ತದೆ ಅಂತ ನಾನು ವಿವರಿಸಬೇಕಾಗಿಲ್ಲ, ಅಲ್ವಾ?

ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ರಿಫೈನರಿಯಲ್ಲಿ 1994ರ ಜುಲೈ 24ರಂದು ಸ್ಫೋಟವಾಯಿತು. ಅದಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದಿದ್ದವು. ಅಂದರೆ ಎರಡು ಮೂರು ಸೆಕೆಂಡಿಗೊಂದು. ಈ ಕ್ಷೇತ್ರದವರು ಮಾರ್ಗದರ್ಶಿಯಾಗಿ ಇಟ್ಟುಕೊಳ್ಳುವ ಲೆಕ್ಕ, ಮಾಮೂಲಿ ಹೊತ್ತಿನಲ್ಲಿ ಒಬ್ಬ ಆಪರೇಟರ್‌ಗೆ ಹತ್ತು ನಿಮಿಷಕ್ಕೆ ಒಂದು ಅಲಾರಂ. ನಮ್ಮ ಪೈಪ್‌ಲೈನ್ ಕಂಟ್ರೋಲ್ ರೂಮುಗಳಲ್ಲಿ ಇದು ಎಷ್ಟಿದೆ? ದೂರದ ಲೈನನ್ನು ಸ್ಕ್ರೀನ್ ಮೇಲೆ ತೋರಿಸಿ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆಗೆ ಸ್ಕಾಡಾ ಅನ್ನುತ್ತಾರೆ. ಪ್ರತಿ ಸ್ಕಾಡಾ ಸಿಸ್ಟಂ ಈ ಲೆಕ್ಕವನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಕೇಳಿದರೆ ಸಾಕು, ಸಿಗುತ್ತದೆ.

ಈಗ ಒಂದು ರಾತ್ರಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದು ಗ್ಯಾಸ್ ಲೈನ್ ಅಲ್ಲ, ಕಚ್ಚಾ ತೈಲದ ಲೈನ್. ಆದರೆ ಕಂಟ್ರೋಲ್ ರೂಮ್ ಹೇಗೆ ಸೋಲುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ನನಗೆ ಸಿಕ್ಕಿಲ್ಲ. 2010ರ ಜುಲೈ 25, ಭಾನುವಾರ ಸಂಜೆ. ಅಮೆರಿಕದ ಮಿಷಿಗನ್ ರಾಜ್ಯದ ಮಾರ್ಷಲ್ ಹತ್ತಿರ ಎನ್‌ಬ್ರಿಡ್ಜ್ ಕಂಪನಿಯ ಲೈನ್ ಸೀಳಿತು. ಕಂಟ್ರೋಲ್ ರೂಮ್ ಇದ್ದದ್ದು ಕೆನಡಾದ ಎಡ್ಮಂಟನ್‌ನಲ್ಲಿ. ಆ ಹೊತ್ತಿಗೆ ಲೈನನ್ನು ಮೊದಲೇ ನಿಗದಿಯಾದಂತೆ ನಿಲ್ಲಿಸುತ್ತಿದ್ದರು. ಅಲಾರಂ ಬಂದವು. ಲೈನಿನೊಳಗೆ ತೈಲ ತುಂಡಾಗಿ ನಡುವೆ ಖಾಲಿ ಜಾಗ ಆಗಿರಬೇಕು ಅಂದುಕೊಂಡರು. ಹಾಗೆ ಆಗುವುದುಂಟು, ಅದು ಸುಮ್ನೆ ಹೇಳಿದ ನೆಪವಲ್ಲ. ಪಾಳಿ ಬದಲಾಯಿತು. ತಪ್ಪು ಅಂದಾಜೂ ಹೊಸ ಪಾಳಿಗೆ ಹೋಯಿತು. ಬೆಳಗಿನ ಜಾವ ಲೈನನ್ನು ಮತ್ತೆ ಚಾಲು ಮಾಡಿದರು. ಪ್ರೆಷರ್ ಏರಲಿಲ್ಲ. ನಿಲ್ಲಿಸಿದರು. ಬೆಳಗ್ಗೆ ಇನ್ನೊಮ್ಮೆ ಚಾಲು ಮಾಡಿದರು. ಅತ್ತ ಊರಿನವರು ಹಿಂದಿನ ರಾತ್ರಿಯೇ ವಾಸನೆ ಬರುತ್ತಿದೆ ಅಂತ ತುರ್ತು ನಂಬರಿಗೆ ಫೋನ್ ಮಾಡಿದ್ದರು. ಆ ಸುದ್ದಿ ಎಡ್ಮಂಟನ್ ಮುಟ್ಟಲೇ ಇಲ್ಲ. ಕೊನೆಗೆ ವಿಷಯ ತಿಳಿಸಿದ್ದು ಬೇರೊಂದು ಗ್ಯಾಸ್ ಕಂಪನಿಯ ನೌಕರ. ಅಷ್ಟರಲ್ಲಿ 17 ಗಂಟೆ ಕಳೆದಿತ್ತು. ಚೆಲ್ಲಿದ್ದು ಸುಮಾರು 32 ಲಕ್ಷ ಲೀಟರ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಹೊರಬಂದದ್ದು ಆ ಎರಡು ಸಲ ಮತ್ತೆ ಚಾಲು ಮಾಡಿದಾಗ.

ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಭಾಗ. ಇಂಥ ಅನುಮಾನ ಹತ್ತು ನಿಮಿಷದೊಳಗೆ ಬಗೆಹರಿಯದಿದ್ದರೆ ಲೈನ್ ನಿಲ್ಲಿಸಬೇಕು ಅನ್ನುವ ನಿಯಮ ಆ ಕಂಟ್ರೋಲ್ ರೂಮಿನಲ್ಲಿ ಇತ್ತು. 1991ರಲ್ಲಿ ಆದ ದೊಡ್ಡ ಸೋರಿಕೆಯ ನಂತರ ಮಾಡಿಕೊಂಡಿದ್ದ ನಿಯಮ ಅದು. ಬರವಣಿಗೆಯಲ್ಲಿ ಪಕ್ಕಾ ಇತ್ತು. ನಿಜವಾದ ಕೆಲಸದಲ್ಲಿ ಅದನ್ನು ದಾಟಿ ಹೋಗುವುದು ರೂಢಿಯಾಗಿತ್ತು. ಕಾಗದ ನೋಡುವ ಆಡಿಟರ್ ಆ ಕೋಣೆಗೆ ಹೋಗಿದ್ದರೆ ನಿಯಮ ಇದೆ ಅಂತ ಟಿಕ್ ಹಾಕಿ ಬರುತ್ತಿದ್ದ. ಹಿಂದಿನ ಹತ್ತು ಅನುಮಾನದ ಸಂದರ್ಭಗಳ ಲಾಗ್ ತೆಗೆಸಿ, ಎಷ್ಟು ನಿಮಿಷಕ್ಕೆ ನಿಲ್ಲಿಸಿದ್ದೀರಿ ಅಂತ ಕೇಳಿದ್ದರೆ ಮಾತ್ರ ನಿಜ ಹೊರಬರುತ್ತಿತ್ತು. ನಿಮ್ಮಿಂದ ನಾನು ಬೇಡುವ ಉಸ್ತುವಾರಿ ಈ ಎರಡನೇ ಬಗೆಯದು.

ಅದೇ 2010ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ 30 ಇಂಚಿನ ಗ್ಯಾಸ್ ಲೈನ್ ಮನೆಗಳ ನಡುವೆಯೇ ಸಿಡಿಯಿತು. ಎಂಟು ಜನ ಸತ್ತರು, 38 ಮನೆಗಳು ನಾಶವಾದವು. ವಿಮಾನ ಬಿದ್ದಿದೆ ಅಂತಲೇ ಮೊದಲು ಹಲವರು ಅಂದುಕೊಂಡಿದ್ದರು. ಗ್ಯಾಸ್ ನಿಲ್ಲಿಸಲು 95 ನಿಮಿಷ ಹಿಡಿಯಿತು. ಆ ಜಾಗದ ವಾಲ್ವ್‌ಗಳನ್ನು ದೂರದಿಂದ ಮುಚ್ಚಲು ಆಗುತ್ತಿರಲಿಲ್ಲ. ಕೆಲಸಗಾರರು ಗಾಡಿಯಲ್ಲಿ ಹೋಗಿ ಕೈಯಿಂದ ತಿರುಗಿಸಿ ಮುಚ್ಚಬೇಕಾಯಿತು. ಕಂಟ್ರೋಲ್ ರೂಮಿನಲ್ಲಿ ಹಲವರಿದ್ದರು. ಆದರೆ ಇಂಥ ಹೊತ್ತಿನಲ್ಲಿ ಮುಂದೆ ನಿಂತು ಆಜ್ಞೆ ಕೊಡಬೇಕಾದವರು ಯಾರು ಅನ್ನುವುದು ಸ್ಪಷ್ಟ ಇರಲಿಲ್ಲ ಅಂತ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ತನ್ನ ತನಿಖೆಯಲ್ಲಿ ಹೇಳಿತು. ಅಂದಹಾಗೆ, ಸ್ಫೋಟಕ್ಕೆ ಮೊದಲು ಪ್ರೆಷರ್ ಏರಿದ್ದು ಬೇರೊಂದು ಊರಿನ ಟರ್ಮಿನಲ್‌ನಲ್ಲಿ ಯುಪಿಎಸ್ ಕೆಲಸ ನಡೆಯುತ್ತಿದ್ದಾಗ. ಎಲ್ಲೋ ನಡೆಯುವ ಕರೆಂಟ್ ಕೆಲಸವನ್ನೂ ಕಂಟ್ರೋಲ್ ರೂಮ್ ಮೊದಲೇ ತಿಳಿದು ತಯಾರಾಗಿರಬೇಕು ಅನ್ನುವುದು ಇದಕ್ಕೇ.

ಇದು ಹೊರದೇಶದ ಮಾತು ಅನ್ನಬೇಡಿ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ನ 18 ಇಂಚಿನ ಲೈನ್ ಸೋರಿ ಬೆಂಕಿ ಹತ್ತಿತು. ಇಪ್ಪತ್ತಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಒಣ ಗ್ಯಾಸಿಗೆಂದು ಇದ್ದ ಲೈನಿನಲ್ಲಿ ನೀರಿನಂಶದ ಗ್ಯಾಸ್ ಹರಿದು ಪೈಪ್ ಒಳಗಿನಿಂದ ತುಕ್ಕು ತಿಂದಿತ್ತು. ಮೂಲ ಕಾರಣ ತುಕ್ಕು, ನಿಜ. ಆದರೆ ಸೋರಿಕೆ ಇದೆ ಅಂತ ಮೊದಲೇ ಹೇಳಿದ್ದೆವು ಎಂದು ಊರಿನವರು ಆಮೇಲೆ ಹೇಳಿದ್ದೂ ವರದಿಯಾಗಿತ್ತು. ಹಳ್ಳಿಯವರೊಬ್ಬರು ಫೋನ್ ಮಾಡಿದರೆ ಆ ಮಾತು ಎಷ್ಟು ನಿಮಿಷದಲ್ಲಿ ಕಂಟ್ರೋಲ್ ರೂಮಿನ ಕುರ್ಚಿ ತಲುಪುತ್ತದೆ? ಮಾರ್ಷಲ್‌ನಲ್ಲಿ ಕೈಕೊಟ್ಟದ್ದೂ ಇದೇ ಕೊಂಡಿ. ಇಂದು ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ, ಕೊಚ್ಚಿಯಿಂದ ಮಂಗಳೂರಿಗೆ ಗ್ಯಾಸ್ ಹರಿಯುತ್ತಿದೆ. ಲೈನ್ ಉದ್ದಕ್ಕೂ ನೆಟ್ಟ ಹಳದಿ ಕಲ್ಲುಗಳ ಮೇಲಿನ ನಂಬರಿಗೆ ಕನ್ನಡದಲ್ಲಿ ಮಾತಾಡುವ ರೈತ ಮಧ್ಯರಾತ್ರಿ ಫೋನ್ ಮಾಡಿದರೆ ಅತ್ತ ಕಡೆ ಎತ್ತುವವರಿಗೆ ಅವನ ಮಾತು ಅರ್ಥವಾಗಬೇಕು. ನಿಮ್ಮವರೇ ಒಂದು ರಾತ್ರಿ ಹೇಳದೇ ಕೇಳದೇ ಫೋನ್ ಮಾಡಿ ನೋಡಲಿ.

ಅಮೆರಿಕದವರು 2009ರ ಡಿಸೆಂಬರಿನಲ್ಲಿ ಕಂಟ್ರೋಲ್ ರೂಮುಗಳಿಗೆಂದೇ ಪ್ರತ್ಯೇಕ ನಿಯಮ ಹೊರಡಿಸಿದರು. 2010ರ ದುರಂತಗಳ ನಂತರ ಮರುವರ್ಷವೇ ಅದನ್ನು ಜಾರಿಗೆ ತರುವ ಗಡುವನ್ನೂ ಮುಂಚಿತಗೊಳಿಸಿದರು. ಅದರಲ್ಲಿ ನನಗೆ ಹಿಡಿಸಿದ್ದು ಅದರ ಸಣ್ಣಸಣ್ಣ ವಿವರಗಳು. ಆಫ್ ಮಾಡಿಟ್ಟ ಅಲಾರಂ, ಸುಳ್ಳು ಅಲಾರಂ, ಕೈಯಿಂದ ತುಂಬಿಸಿಟ್ಟ ರೀಡಿಂಗ್ ಯಾವುವು ಅಂತ ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕು. ಸುರಕ್ಷತೆಯ ಅಲಾರಂಗಳ ಸೆಟ್‌ಪಾಯಿಂಟ್, ಅಂದರೆ ಯಾವ ಮಟ್ಟಕ್ಕೆ ಕೂಗಬೇಕು ಅನ್ನುವುದು, ಸರಿ ಇದೆಯಾ ಅಂತ ವರ್ಷಕ್ಕೊಮ್ಮೆಯಾದರೂ ನೋಡಬೇಕು. ಬ್ಯಾಕಪ್ ಸ್ಕಾಡಾವನ್ನು ವರ್ಷಕ್ಕೊಮ್ಮೆ ನಿಜವಾಗಿ ಓಡಿಸಿ ನೋಡಬೇಕು. ಪಾಳಿಗಳ ನಡುವೆ ಎಂಟು ಗಂಟೆ ನಿದ್ದೆಗೆ ಅವಕಾಶ ಸಿಗುವಷ್ಟು ಬಿಡುವಿರಬೇಕು. ಒಬ್ಬರು ಗರಿಷ್ಠ ಎಷ್ಟು ಹೊತ್ತು ಕೂರಬಹುದು ಅನ್ನುವುದಕ್ಕೆ ಮಿತಿ ಬೇಕು.

ನಿದ್ದೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮುಂದಿನ ಪಾಳಿಗೆ ಬರಬೇಕಾದ ರಿಲೀವರ್ ಬರಲಿಲ್ಲ ಅಂದರೆ ಡಬಲ್ ಡ್ಯೂಟಿ ಅನ್ನುವುದು ನಮ್ಮ ಕಾರ್ಖಾನೆಗಳಲ್ಲಿ ಎಷ್ಟು ಮಾಮೂಲಿ ಅಂದರೆ, ಹಾಗೆ ಕೂತವನನ್ನು ಎಲ್ಲರೂ ಹೊಗಳುತ್ತಾರೆ. ಹದಿನಾರು ಗಂಟೆ ಆದ ಮೇಲೆ ಕಣ್ಣು ತೆರೆದಿರುತ್ತದೆ, ತಲೆ ಓಡುವುದಿಲ್ಲ. ಇಳಿಯುತ್ತಿರುವ ಪ್ರೆಷರನ್ನು ನೋಡಿ "ಮೀಟರ್ ಪ್ರಾಬ್ಲಂ ಇರಬೇಕು" ಅನ್ನುವುದು ಆಗ ಬಹಳ ಸುಲಭ. ಪಾಳಿ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಹಾಜರಿ ಪಂಚಿಂಗ್ ತೆಗೆಸಿದರೆ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಒತ್ತಿ ಕೇಳುವುದು ವಾಲ್ವ್ ಮುಚ್ಚುವ ಅಧಿಕಾರವನ್ನು. ಲೈನ್ ನಿಲ್ಲಿಸಿದರೆ ವಿದ್ಯುತ್ ಸ್ಥಾವರ ನಿಲ್ಲುತ್ತದೆ, ಗೊಬ್ಬರದ ಕಾರ್ಖಾನೆ ನಿಲ್ಲುತ್ತದೆ, ಕೋಟಿಗಟ್ಟಲೆ ನಷ್ಟ. ಆಪರೇಟರ್‌ಗೆ ಅದು ಚೆನ್ನಾಗಿ ಗೊತ್ತು. ಅದಕ್ಕೇ ಇನ್‌ಚಾರ್ಜ್‌ಗೆ ಫೋನ್ ಮಾಡುತ್ತಾನೆ. ಅವರು ಅವರ ಮೇಲಿನವರಿಗೆ ಮಾಡುತ್ತಾರೆ. ಸೈಟಿಗೆ ಒಬ್ಬರನ್ನು ಕಳಿಸಿ ನೋಡಿ ಅನ್ನುತ್ತಾರೆ. ಆ ಅರ್ಧ ಗಂಟೆಯಲ್ಲೇ ಊರು ಸುಡುತ್ತದೆ. ಯಾರನ್ನೂ ಕೇಳದೆ ಲೈನ್ ನಿಲ್ಲಿಸುವ ಅಧಿಕಾರ ಪಾಳಿಯಲ್ಲಿರುವ ಆಪರೇಟರ್‌ಗೆ ಇದೆ ಅಂತ ನಿಮ್ಮ ನಿಯಮವೇ ಸ್ಪಷ್ಟವಾಗಿ ಹೇಳಬೇಕು. ಅನುಮಾನ ಸುಳ್ಳಾದರೂ ಮೆಮೋ, ಪ್ರಮೋಷನ್‌ಗೆ ತಡೆ, ವರ್ಗಾವಣೆ ಏನೂ ಆಗಬಾರದು ಅಂತಲೂ ಅದೇ ನಿಯಮದಲ್ಲಿ ಇರಬೇಕು. ಆಮೇಲೆ ನಿಮ್ಮ ಆಡಿಟರ್ ಆಪರೇಟರ್‌ಗಳನ್ನು ಒಬ್ಬೊಬ್ಬರನ್ನಾಗಿ, ಮೇಲಧಿಕಾರಿ ಪಕ್ಕದಲ್ಲಿ ಇಲ್ಲದಾಗ ಕೇಳಬೇಕು: ಕಳೆದ ಸಲ ಅನುಮಾನ ಬಂದಾಗ ನೀವು ನಿಲ್ಲಿಸಿದಿರಾ? ಯಾರಿಗೆ ಫೋನ್ ಮಾಡಿದಿರಿ? ಆಮೇಲೆ ನಿಮಗೆ ಏನಾಯಿತು?

ಮಾಕ್ ಡ್ರಿಲ್‌ಗಳ ಬಗ್ಗೆಯೂ ಒಂದು ಮಾತು. ಮೊದಲೇ ತಾರೀಕು ಹೇಳಿ, ಹಗಲು ಹನ್ನೊಂದು ಗಂಟೆಗೆ ಮಾಡುವ ಡ್ರಿಲ್‌ನಲ್ಲಿ ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆಯುತ್ತದೆ. ರಾತ್ರಿ ಪಾಳಿಯ ಕೊನೆಯಲ್ಲಿ, ಹೇಳದೆ ಮಾಡಿ. ಅನುಮಾನ ಹುಟ್ಟಿದ ಹೊತ್ತು, ಆಜ್ಞೆ ಕೊಟ್ಟ ಹೊತ್ತು, ವಾಲ್ವ್ ಮುಚ್ಚಿದ ಹೊತ್ತು, ಜಿಲ್ಲಾಡಳಿತಕ್ಕೂ ಅಗ್ನಿಶಾಮಕ ಠಾಣೆಗೂ ಫೋನ್ ಹೋದ ಹೊತ್ತು ಈ ನಾಲ್ಕನ್ನೂ ಬರೆದುಕೊಳ್ಳಿ. ಲೈನ್ ಹಾದುಹೋಗುವ ಪ್ರತಿ ಜಿಲ್ಲೆಯ ಜನರಿಗೆ ಆ ನಾಲ್ಕು ಅಂಕಿ ಸಿಗುವಂತೆ ಪ್ರಕಟಿಸಿ. ಕಂಪನಿಗಳು ಭದ್ರತೆಯ ಕಾರಣ ಹೇಳಬಹುದು. ವಾಲ್ವ್ ಎಲ್ಲಿದೆ ಅಂತ ಯಾರೂ ಕೇಳುತ್ತಿಲ್ಲ, ಎಷ್ಟು ನಿಮಿಷ ಹಿಡಿಯಿತು ಅಂತ ಮಾತ್ರ.

ಹೊಸ ನಿಯಮದ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಡುವ ಪದ್ಧತಿ ನಿಮ್ಮಲ್ಲಿದೆ. ಕಂಟ್ರೋಲ್ ರೂಮುಗಳಿಗೆಂದೇ ಒಂದು ಕರಡು ತಯಾರಿಸಿ, ಅದನ್ನು ಲೈನ್ ದಾಟುವ ರಾಜ್ಯಗಳ ಭಾಷೆಗಳಲ್ಲೂ ಪ್ರಕಟಿಸಿ. ತಯಾರಿಸುವ ಸಮಿತಿಯಲ್ಲಿ ಈಗಲೂ ರಾತ್ರಿ ಪಾಳಿ ಮಾಡುತ್ತಿರುವ ಇಬ್ಬರು ಆಪರೇಟರ್‌ಗಳಿಗಾದರೂ ಜಾಗ ಕೊಡಿ. ಸಭೆ ಅವರ ಪಾಳಿ ಮುಗಿದ ಮರುದಿನ ಇರಲಿ.

ಇಂತಿ ನಮಸ್ಕಾರಗಳೊಂದಿಗೆ,
ಕಂಟ್ರೋಲ್ ರೂಮಿನಲ್ಲಿ ಪಾಳಿ ಮಾಡಿದ ಒಬ್ಬ ನಾಗರಿಕ